ಮಂಗಳವಾರ ಅರ್ಧ ರೇಟು

ಮಂಗಳವಾರ ಉಗುರು ತೆಗೆಯಬಾರದೆಂದು
ಶಿಡ್ಲಘಟ್ಟದ ಅರ್ಧ ಊರು ನಂಬಿರುವುದರಿಂದ
ಶಬೀನಾಳ ಪಾರ್ಲರಿನಲ್ಲಿ ಆ ದಿನ ಅರ್ಧ ರೇಟು.
ನನಗೆ ಅರವತ್ತೇಳು. ಶಾಸ್ತ್ರಕ್ಕಿಂತ
ನೂರೈವತ್ತು ರೂಪಾಯಿ ಹತ್ತಿರದ ನೆಂಟ.

"ಕೈ ಕೊಡಿ ಪಿಳ್ಳಮ್ಮಕ್ಕಾ" ಅಂದಳು.
ಕೊಡುವುದೇನು, ಮೂವತ್ತೊಂದು ವರ್ಷ ಕೊಟ್ಟ ಕೈ.
ಬೇಸಿನ್ನಿನ ಕುದಿನೀರಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ
ಬೆರಳ ಸಂದು ಬೆಳ್ಳಗೆ ಬೆಂದು
ಸಾರನ್ನ ಕಲಸಿದರೆ ಉರಿ.
ರಾತ್ರಿ ಹರಳೆಣ್ಣೆ, ಬೆಳಗ್ಗೆ ಮತ್ತದೇ ನೀರು.
ಮೈಗೆ ಹತ್ತಿದ ಹುಳುವಿನ ವಾಸನೆ
ಸೀಗೆಕಾಯಿಗೂ ಬಗ್ಗಲಿಲ್ಲ.
ನಾನು ಬಿಚ್ಚಿದ ನೂಲು ಎಲ್ಲೆಲ್ಲೋ ಧಾರೆಗೆ ನಿಂತಿತು,
ಬೆರಳ ಗೆರೆ ಮಾತ್ರ ಚರಂಡಿ ಹಿಡಿದು ಹೋಯಿತು.

ಈಗ ರೇಷನ್ ಅಂಗಡಿಯ ಮಿಷನ್ನು
ನನ್ನ ಹೆಬ್ಬೆಟ್ಟು ಕಂಡರೆ ಕೆಂಪು ದೀಪ ಹಾಕುತ್ತದೆ.
ಒರೆಸಿ ಇಡಿ ಅಜ್ಜಿ, ಒತ್ತಿ ಇಡಿ, ಇನ್ನೊಂದು ಬೆರಳು ಇಡಿ.
ಹತ್ತೂ ಇಟ್ಟಾಯಿತು.
ಹತ್ತೂ ನನ್ನವಲ್ಲವಂತೆ.

ಇಲ್ಲಿ, ಗುಲಾಬಿ ಪ್ಲಾಸ್ಟಿಕ್ ಟಬ್ಬಿನಲ್ಲಿ,
ಉಗುರುಬೆಚ್ಚಗಿನ ನೀರು.
ಆ ಮಾತಿಗೆ ಉಗುರೇ ಏಕೆಂದು ಇವತ್ತು ಗೊತ್ತಾಯಿತು.
ಸುಮ್ಮನೆ ಅದ್ದಿಟ್ಟರೆ ಸಾಕು, ಏನೂ ಹುಡುಕಬೇಕಿಲ್ಲ.
ಬೆರಳುಗಳಿಗೆ ಅದು ತಿಳಿಯಲಿಲ್ಲ;
ಸಾಬೂನಿನ ನೊರೆಯಡಿ ಎಳೆಗಾಗಿ ತಡಕಾಡುತ್ತಿದ್ದವು.
ಶಬೀನಾ ನಕ್ಕಳು.
ಅವಳಮ್ಮನೂ ನಮ್ಮ ಸಾಲಿನ ಬೇಸಿನ್ನಿನವಳೇ, ಹೋಗಿ ಆರು ವರ್ಷ.
ಅದನ್ನೇನೂ ಎತ್ತಲಿಲ್ಲ ಹುಡುಗಿ,
ಅಂಗೈಗೆ ಕ್ರೀಮು ಉಜ್ಜುವಾಗ
ಕೊಟ್ಟ ದುಡ್ಡಿಗಿಂತ ಜಾಸ್ತಿ ಹೊತ್ತು ತಗೊಂಡಳು.

ಬಣ್ಣ? ದಾಳಿಂಬೆಯದು.

ನಲ್ಲಿಯ ಹತ್ತಿರ ಅಕ್ಕಯಮ್ಮ ಕೊಡ ಇಳಿಸಿ ಕೇಳಿದಳು:
"ಊರು ಹೋಗು, ಕಾಡು ಬಾ ಅನ್ನೋ ಕಾಲಕ್ಕೆ
ಇದೇನಕ್ಕಮ್ಮೀ ನಿಂಗೆ?"
"ಕಾಡು ಕರೆದರೆ ಕೈ ಬೀಸಬೇಕಲ್ಲ" ಅಂದೆ,
"ಇಲ್ಲಿಂದಲೇ, ಇನ್ನೂ ಬರಲ್ಲ ಅಂತ."
ಮುಂದಿನ ಮಂಗಳವಾರ ನನಗಿಂತ ಮೊದಲು ಬಂದು
ಕುರ್ಚಿಯಲ್ಲಿ ಅವಳೇ, ಹುಬ್ಬಿಗೆ ದಾರ, ಕಣ್ಣಲ್ಲಿ ನೀರು,
"ನಿನ್ ಮನೆ ಕಾಯೋಗ, ಮೆಲ್ಲಗೆ ಕೀಳೇ" ಎಂದು
ಶಬೀನಾಳನ್ನು ಬೈಯುತ್ತಾ.

ನಮ್ಮನೆಯವರು ಏನೂ ಅನ್ನಲಿಲ್ಲ.
ಕರೆಂಟು ಹೋದ ಒಂದು ರಾತ್ರಿ
ಮಂಚದ ಆ ತುದಿಯಿಂದ ಕಾಲು ಚಾಚಿ
"ನನ್ನ ಹೆಬ್ಬೆರಳಿಗೂ ಒಂಚೂರು" ಅಂದರು.
ಕತ್ತಲಲ್ಲೇ ಹಚ್ಚಿದೆ, ಉಗುರಿಗಿಂತ ಚರ್ಮಕ್ಕೆ ಹೆಚ್ಚು.
ಮೂರು ದಿನ ಹಾಲಿನ ಡೈರಿಗೆ ಸಾಕ್ಸ್ ಹಾಕಿಕೊಂಡು ಹೋದರು,
ಏಪ್ರಿಲ್ ಬಿಸಿಲಲ್ಲಿ.

ತಳಕ್ಕೆ ಗಟ್ಟಿಯಾದ ಬಾಟಲಿಗಳನ್ನು ಶಬೀನಾ ಎಸೆಯುತ್ತಿದ್ದಳು.
ಕೇಳಿ ತಂದೆ.
ಟೈಲ್ಸ್ ಅಂಗಡಿಯ ಹಿಂದೆ ಒಡಕು ಚೂರು ಬೇಕಾದಷ್ಟು.
ಮೊದಲು ಬಿಡಿಸಿದ್ದು ಟೊಮೆಟೊ,
ಮೊಮ್ಮಗ ಬಲೂನು ಅಂದ; ಇರಲಿ ಎಂದು ದಾರ ಕಟ್ಟಿದೆ.
ಆಮೇಲೆ ನಂದಿಬೆಟ್ಟ. ಮಿಕ್ಕಿದ್ದು ನೇರಳೆ, ಹಾಗಾಗಿ ನೇರಳೆ ಬೆಟ್ಟ.
ಆಮೇಲೆ ಚಿಟ್ಟೆ.

ಬೇಸಿನ್ನಿಗೆ ಬೀಳುವ ಹೊತ್ತಿಗೆ ಒಳಗಿನ ಹುಳು ಸತ್ತಿರುತ್ತಿತ್ತು,
ಗೂಡು ತೂತು ಮಾಡಿ ಆಚೆ ಬಂದ ಒಂದನ್ನೂ ನಾ ಕಂಡವಳಲ್ಲ.
ಹೇಗಿರುತ್ತಿತ್ತೋ.
ಕಿವಿಗೆ ಓಲೆ ಇಟ್ಟೆ. ಕಾಲಿಗೆ ಗೆಜ್ಜೆ.
ರೆಕ್ಕೆಗೆ ಕುಂಚ ಬೇಕಾಗಲಿಲ್ಲ,
ಹೆಬ್ಬೆಟ್ಟು ಅದ್ದಿ ಒತ್ತಿದರೆ ಒಂದೊಂದೂ ರೇಷ್ಮೆಯ ನುಣುಪು.

ಇಪ್ಪತ್ತಾರು ಚೂರಾಗಿವೆ.
ಬಚ್ಚಲ ಗೋಡೆಗೆ ಕೂರಿಸಿಕೊಡುತ್ತೇನೆಂದಿದ್ದಾನೆ ಮೇಸ್ತ್ರಿ ಚನ್ನರಾಯ,
ಸಿಮೆಂಟು ನಮ್ಮದು, ಕೂಲಿ ಹಬ್ಬಕ್ಕೆ.
"ಕೆಳಗೆ ಸೈನ್ ಹಾಕಜ್ಜಿ" ಅಂದ ಮೊಮ್ಮಗ.
ಒತ್ತಿದೆ. ಒಂದು ಗೆರೆಯೂ ಇಲ್ಲದ ಕೆಂಪು ಬೊಟ್ಟು.
ಬೇರೆ ಯಾರದ್ದೂ ಇರಲಾರದು ಹೀಗೆ.

ಕೈ ತೆಗೆಯೋ, ಮುಟ್ಟಬೇಡ,
ಇನ್ನೂ ಹಸಿ.